ಬ್ರಾಕೆಟ್ಟಿನಲ್ಲಿದ್ದ ಹೆಸರು

"ಏಳಿ ಮೇಲೆ!"

ಜಸ್ಟೀನಾ ಹಾರ್ಡರ್ ಬಾಗಿಲಲ್ಲೇ ನಿಂತು ಕೂಗಿದಳು. ಕೈಗವಸು ಇನ್ನೂ ಬಿಚ್ಚಿರಲಿಲ್ಲ. ರೆಪ್ಪೆಯ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ.

ಅವಳ ಕುರ್ಚಿಯಲ್ಲಿ ಯಾರೋ ಅಪರಿಚಿತ ಕುಳಿತಿದ್ದ. ಅವಳ ಕಂಪ್ಯೂಟರಿನಲ್ಲಿ, ಅವಳು ವರ್ಷಗಟ್ಟಲೆ ಕೂತು ಕಟ್ಟಿದ ಗ್ರಂಥಸೂಚಿಯಲ್ಲಿ, ಏನನ್ನೋ ಅಳಿಸುತ್ತಿದ್ದ!

ಅವನು ದಡಬಡಿಸಿ ಎದ್ದ. ಎತ್ತರದ ಆಳು. ಕನ್ನಡಕದ ಹಿಂದೆ ತಪ್ಪು ಮಾಡಿ ಸಿಕ್ಕಿಬಿದ್ದವನ ಕಣ್ಣು.

"ಕ್ಷಮಿಸಿ… ನಾನು ಕಾನ್ರಾಡ್ ಪ್ಲೆಟ್. ವಿನ್ನಿಪೆಗ್‌ನಿಂದ ಬಂದೆ. ಗ್ರಂಥಾಲಯಗಳ ಒಕ್ಕೂಟದವರು ಕಳಿಸಿದ್ದು. ಇಲ್ಲಿ ಹೊಸ ನಿಯಮ ಜಾರಿ ಮಾಡೋಕೆ."

"ನಿಯಮ ಜಾರಿ ಮಾಡೋಕೆ ಬಂದವರು ಕುರ್ಚಿ ಜಪ್ತಿ ಮಾಡ್ಬೇಕಾ?"

"ಕುರ್ಚಿ ಬೆಚ್ಚಗಿತ್ತು," ಎಂದ ಅವನು ಮೆಲ್ಲಗೆ. "ಹೀಟರ್ ಪಕ್ಕ ಇದೆ ನೋಡಿ."

ಅವಳಿಗೆ ನಗು ಬಂತು. ನುಂಗಿಕೊಂಡಳು.

"ಏನಳಿಸ್ತಿದ್ರಿ?"

"ಈ 'ಪು.' ಅನ್ನೋದನ್ನ. ಪುಟಗಳು ಅಂತ ಪೂರ್ತಿ ಬರೆದ್ರೆ ಏನಾಗುತ್ತೆ ಹೇಳಿ?"

"ಕಾರ್ಡಲ್ಲಿ ಜಾಗ ಸಾಲಲ್ಲ."

"ಕಾರ್ಡು ಎಲ್ಲಿದೆ ಈಗ?"

ಜಸ್ಟೀನಾ ಗೋಡೆಯತ್ತ ನೋಡಿದಳು. ಹಿಂದೆ ಗ್ರಂಥಸೂಚಿಯ ಕಾರ್ಡುಗಳಿದ್ದ ಮರದ ಬೀರು ಇನ್ನೂ ಅಲ್ಲೇ ಇತ್ತು. ಅದರ ಖಾನೆಗಳಲ್ಲಿ ಈಗ ಪುಸ್ತಕ ಕೊಡುವ ಮೇಜಿನ ಡೊಲೊರೆಸ್ ಫಂಕ್ ತನ್ನ ಚಹಾ ಪೊಟ್ಟಣಗಳನ್ನು ಇಡುತ್ತಿದ್ದಳು.

ಜಸ್ಟೀನಾಳ ಕೆನ್ನೆ ಕೆಂಪಾಯಿತು. ಚಳಿಯಿಂದ ಬಂದ ಕೆಂಪು ಎಂದು ತನಗೆ ತಾನೇ ಹೇಳಿಕೊಂಡಳು.

ಲಿಂಡೆನೌ ಎಂಬ ಊರು ಮ್ಯಾನಿಟೋಬಾದ ಬಯಲಿನಲ್ಲಿದೆ. ಚಳಿಗಾಲದಲ್ಲಿ ನೆಲ ಯಾವುದು, ಆಕಾಶ ಯಾವುದು ಎಂದು ದೇವರೊಬ್ಬನಿಗೇ ತಿಳಿಯಬೇಕು. ಅಲ್ಲಿ ಮೆನ್ನೊನೈಟ್ ಎಂಬ ಕ್ರೈಸ್ತ ಸಭೆಯವರ ಒಂದು ಪುಟ್ಟ ಕಾಲೇಜು, ಕಾಲೇಜಿಗೊಂದು ಗ್ರಂಥಾಲಯ. ಆ ಜನಕ್ಕೆ ಒಂದು ಅಭ್ಯಾಸ. ಹೊಸಬರು ಕಂಡರೆ ಹೆಸರು ಕೇಳಿ ಸುಮ್ಮನಾಗುವವರಲ್ಲ. ಅಪ್ಪ ಯಾರು, ಅಮ್ಮ ಯಾವ ಮನೆಯವಳು, ಅಜ್ಜನ ಹೊಲ ಎಲ್ಲಿತ್ತು… ಎಲ್ಲೋ ಒಂದು ಕಡೆ ನೆಂಟಸ್ತಿಕೆ ಸಿಕ್ಕುವವರೆಗೂ ಬಿಡುವುದಿಲ್ಲ.

ಡೊಲೊರೆಸ್ ಅಂದೇ ಶುರುಮಾಡಿದಳು.

"ಯಾವ ಪ್ಲೆಟ್ ಅಪ್ಪಾ ನೀನು? ಹಂದಿ ಸಾಕೋ ಪ್ಲೆಟ್‌ಗಳಾ, ಅಂಗಡಿ ಪ್ಲೆಟ್‌ಗಳಾ?"

"ವಿನ್ನಿಪೆಗ್ ಪ್ಲೆಟ್," ಎಂದು ಅವನು ನಕ್ಕ.

"ಅಮ್ಮ ಯಾವ ಮನೆಯವಳು?"

"ಅಯ್ಯೋ, ಕಾರಿಗೆ ಕರೆಂಟ್ ಚುಚ್ಚೋದು ಮರೆತೆ! ಇಂಜಿನ್ ಹೆಪ್ಪುಗಟ್ಟುತ್ತೆ!" ಎಂದು ಕೋಟು ಹಾಕಿಕೊಂಡು ಓಡಿಯೇಬಿಟ್ಟ.

"ನೋಡ್ದಾ? ತಪ್ಪಿಸ್ಕೊಂಡ," ಎಂದಳು ಡೊಲೊರೆಸ್. "ಇರ್ಲಿ. ನಾನು ಬಿಡೋಳಲ್ಲ."

ಜಸ್ಟೀನಾ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ…

*

ಕೆಲಸ ಶುರುವಾಯಿತು. ಹಳೆಯ ದಾಖಲೆಗಳನ್ನು ಒಂದೊಂದಾಗಿ ತೆರೆಯುವುದು, ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವುದು, ಹೊಸ ನಿಯಮದಂತೆ ತಿದ್ದುವುದು.

"ಹೊಸ ನಿಯಮದ ತಿರುಳು ಒಂದೇ," ಎಂದ ಕಾನ್ರಾಡ್. "ಪುಸ್ತಕದ ಮೊದಲ ಪುಟದಲ್ಲಿ ಏನು ಕಾಣುತ್ತೋ ಅದನ್ನೇ ಬರೀಬೇಕು. ಕೂಡಿಸೋ ಹಾಗಿಲ್ಲ, ಕಳೆಯೋ ಹಾಗಿಲ್ಲ."

"ತಪ್ಪಿದ್ರೆ?"

"ತಪ್ಪನ್ನೂ ಹಾಗೇ ಬರೀಬೇಕು. ಸರಿ ಯಾವುದು ಅಂತ ಹೇಳೋಕೆ ಬೇರೆ ಜಾಗ ಇದೆ."

"ಹಳೇ ನಿಯಮದಲ್ಲಿ ನಾವು ಅಲ್ಲೇ ಪಕ್ಕದಲ್ಲಿ ಬ್ರಾಕೆಟ್ ಹಾಕಿ ಸರಿ ಮಾಡ್ತಿದ್ವಿ."

"ಗೊತ್ತು. ನಿಮ್ಮ ಸೂಚಿ ತುಂಬಾ ಬ್ರಾಕೆಟ್‌ಗಳೇ! ಊರಿಗೆಲ್ಲ ಬುದ್ಧಿ ಹೇಳೋ ಅಭ್ಯಾಸ ನಿಮಗೆ."

"ನಿಮಗೆ ಮಾತ್ರ ಹೇಳೋಕಾಗ್ತಿಲ್ಲ," ಎಂದಳು ಅವಳು. ಇಬ್ಬರೂ ನಕ್ಕರು.

ಅವನು ಪುಸ್ತಕ ಹಿಡಿಯುವ ರೀತಿ ಅವಳಿಗೆ ಇಷ್ಟವಾಯಿತು. ಮಗುವಿನ ತಲೆಗೆ ಕೈ ಕೊಡುವಂತೆ ಬೆನ್ನಿಗೆ ಅಂಗೈ ಕೊಟ್ಟು ಹಿಡಿಯುತ್ತಿದ್ದ. ಊಟದ ಹೊತ್ತಿಗೆ ಅವಳು ತಂದ ಝ್ವೀಬಾಕ್ ಬನ್ನಿನ ಮೇಲಿನ ಚಿಕ್ಕ ಉಂಡೆಯನ್ನು ಮೊದಲು ಕಿತ್ತು ತಿನ್ನುತ್ತಿದ್ದ, ಚಿಕ್ಕ ಹುಡುಗರ ಹಾಗೆ.

*ಇವನ ಬಗ್ಗೆ ನಾನು ಯಾಕಿಷ್ಟು ಗಮನಿಸ್ತಿದ್ದೀನಿ?…* ಎಂದುಕೊಳ್ಳುವಳು. ಉತ್ತರ ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವಳು ಒಂದು ಸಣ್ಣ ಪುಸ್ತಕ ತಂದು ಅವನ ಮುಂದಿಟ್ಟಳು. ಅಂಗೈಯಗಲದ್ದು. ಸಭೆಯ ಅಚ್ಚುಕೂಟದಲ್ಲಿ ಎಂದೋ ಅಚ್ಚಾದದ್ದು. ಮನೆಮಂದಿ ಸಂಜೆ ಕೂತು ಹೇಳುವ ಪ್ರಾರ್ಥನೆಗಳು. ಆ ಬಯಲಿನಲ್ಲಿ ಅದಿಲ್ಲದ ಮನೆಯಿಲ್ಲ.

"ದೀಪ ಆರಿಸುವ ಮುನ್ನ, ಸ್ವಾಮೀ," ಎಂದು ಅವಳು ಬಾಯಿಪಾಠವಾಗಿ ಶುರುಮಾಡಿದಳು, "ಇಂದು ನಾನು ಯಾರನ್ನು ನೋಯಿಸಿದೆನೋ…"

"…ಅವರಿಗೆ ಒಳ್ಳೆಯ ನಿದ್ರೆ ಕೊಡು," ಎಂದು ಅವನು ಮುಗಿಸಿದ.

ಅವಳ ಮೈ ಜುಮ್ಮೆಂದಿತು.

"ನಿಮಗೂ ಬರುತ್ತಾ?"

"ನಮ್ಮ ಮನೇಲೂ… ಹೇಳ್ತಿದ್ರು."

ಪುಸ್ತಕದ ಮೊದಲ ಪುಟದಲ್ಲಿ ಹೀಗಿತ್ತು: ಪೂಜ್ಯ ಹಿರಿಯ ಬರ್ನ್‌ಹಾರ್ಡ್ ರೈಮರ್ ವಿರಚಿತ. ಆದರೆ ಅವಳ ದಾಖಲೆಯಲ್ಲಿ ಬರ್ನ್‌ಹಾರ್ಡ್ ರೈಮರ್ ಎಂಬ ಹೆಸರಿನ ಪಕ್ಕದಲ್ಲೇ ಒಂದು ಚೌಕ ಬ್ರಾಕೆಟ್. ಅದರೊಳಗೆ: ವಾಸ್ತವವಾಗಿ, ಅಗನೇತಾ ಹಾರ್ಡರ್.

"ಇದು ಯಾರು?" ಕಾನ್ರಾಡನ ದನಿ ಇಳಿದಿತ್ತು.

"ನಮ್ಮ ಓಮಾ. ನಮ್ಮಪ್ಪನ ಅಮ್ಮ. ಪಕ್ಕದ ಊರಲ್ಲಿದ್ದಾಳೆ." ಜಸ್ಟೀನಾ ಬಾಗಿಲತ್ತ ಒಮ್ಮೆ ನೋಡಿ ಹೇಳಿದಳು. "ಇದರಲ್ಲಿರೋ ಒಂದೊಂದು ಪ್ರಾರ್ಥನೇನೂ ಅವಳದ್ದು. ಆ ಕಾಲದಲ್ಲಿ ಹೆಂಗಸು ಬರೆದದ್ದು ಅಂದ್ರೆ ಯಾರು ಅಚ್ಚು ಹಾಕ್ತಿದ್ರು? ಆಗ ಸಭೆಯ ಹಿರಿಯರಾಗಿದ್ದ ರೈಮರ್ ತಮ್ಮ ಹೆಸರು ಹಾಕ್ಕೊಂಡ್ರು. ಅಪ್ಪ ಸಾಯೋ ಮುಂಚೆ ನನಗೆ ಹೇಳಿದ್ರು. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಇದು. ಈ ಬ್ರಾಕೆಟ್."

ಕಾನ್ರಾಡ್ ಬಿಳಿಚಿಕೊಂಡ. ಅವಳು ಅದನ್ನು ಮರುಕ ಎಂದುಕೊಂಡಳು.

"ಇಡೀ ಲೋಕದಲ್ಲಿ ಅವಳ ಹೆಸರಿರೋದು ಇಲ್ಲಿ ಮಾತ್ರ," ಎಂದಳು. ಕಣ್ಣು ತುಂಬಿತ್ತು. "ಈ ಎರಡು ಗೆರೆಗಳ ಮಧ್ಯ. ಹೊಸ ನಿಯಮ ಬಂದ್ರೆ ಅದೂ ಹೋಗುತ್ತೇನೋ ಅಂತ… ನನಗೆ ಭಯ."

ಅವನು ಅವಳ ಕೈ ಹಿಡಿದ. ಮೊದಲ ಸಲ.

"ಜಸ್ಟೀನಾ… ನಿನ್ನ ಓಮಾ ಹೆಸರಿಗೆ ನನ್ನ ಕೈಯಿಂದ ಅನ್ಯಾಯ ಆಗಲ್ಲ."

*ನಿನ್ನ* ಎಂದಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ. ಹೊರಡುವಾಗ ಅವಳ ಬಾಯಲ್ಲೂ 'ನೀವು' ಹೋಗಿ 'ನೀನು' ಬಂದಿತ್ತು. ಆ ಸಂಜೆ ಮನೆಗೆ ನಡೆಯುವಾಗ ಕಾಲಡಿಯ ಹಿಮ ಹಾಡುತ್ತಿದೆ ಎನ್ನಿಸಿತು.

*

ಶುಕ್ರವಾರ ಕಾನ್ರಾಡ್ ಬೇಗ ಹೊರಟುಬಿಟ್ಟಿದ್ದ. "ವಿನ್ನಿಪೆಗ್‌ಗೆ ಹೋಗಿ ಬರ್ತೀನಿ, ಸೋಮವಾರ ಎಲ್ಲ ಹೇಳ್ತೀನಿ," ಎಂದಷ್ಟೇ ಅಂದಿದ್ದ. ಅವನ ಕಣ್ಣಿನಲ್ಲಿ ಏನೋ ಇತ್ತು. *ಸೋಮವಾರ ಕೇಳ್ತಾನಾ?… ಅದನ್ನೇ ಹೇಳೋಕಾ?…*

ಮಧ್ಯಾಹ್ನ ಸುಮ್ಮನೆ, ನೋಡಬೇಕೆನಿಸಿ, ಓಮಾಳ ಪುಸ್ತಕದ ದಾಖಲೆ ತೆರೆದಳು.

ಬ್ರಾಕೆಟ್ ಇರಲಿಲ್ಲ.

ಮತ್ತೊಮ್ಮೆ ತೆರೆದಳು. ಕಣ್ಣು ಒರೆಸಿಕೊಂಡು ನೋಡಿದಳು.

ಪೂಜ್ಯ ಹಿರಿಯ ಬರ್ನ್‌ಹಾರ್ಡ್ ರೈಮರ್ ವಿರಚಿತ.

ಅಷ್ಟೇ! ಹಳೆಯ ನಿಯಮ ಬಿರುದುಗಳನ್ನು ಬಿಡುತ್ತಿತ್ತು. ಹೊಸದು ಪುಟದಲ್ಲಿದ್ದದ್ದನ್ನೆಲ್ಲ ತರುತ್ತದೆ. ಓಮಾಳ ಹೆಸರು ಹೋಗಿತ್ತು, 'ಪೂಜ್ಯ' ಬಂದಿತ್ತು. ಕೆಳಗೆ, ಬದಲಿಸಿದವರ ಹೆಸರಿರುವ ಜಾಗದಲ್ಲಿ, ಕಾನ್ರಾಡನ ಸಂಕೇತ.

*ಕೈ ತಪ್ಪಿರಬೇಕು… ಅಲ್ವಾ? ಬೇರೆ ದಾಖಲೆಗಳ ಜೊತೆ ಸೇರಿಹೋಗಿರಬೇಕು…*

ಆಗಲೇ ಡೊಲೊರೆಸ್ ಚಹಾದ ಬಟ್ಟಲು ಹಿಡಿದು ಒಳಗೆ ಬಂದಳು. ಮುಖ ಹೊಳೆಯುತ್ತಿತ್ತು.

"ಸಿಕ್ಕಿಬಿದ್ದ! ನಮ್ಮ ದೊಡ್ಡಪ್ಪನ ಮಗಳಿಗೆ ಫೋನ್ ಹಾಕಿದ್ದೆ, ವಿನ್ನಿಪೆಗ್‌ಗೆ. ಅವನ ಅಮ್ಮ ಯಾರು ಗೊತ್ತಾ? ರೂತ್! ರೂತ್ ರೈಮರ್! ನಮ್ಮ ಹಿರಿಯರ ಕೊನೇ ಮಗಳು! ದೊಡ್ಡ ಮನೆತನ ಕಣೇ, ಸುಮ್ನೆ ಮುಚ್ಚಿಟ್ಕೊಂಡಿದ್ದ ಕಳ್ಳ!"

ಜಸ್ಟೀನಾ ಪರದೆಯನ್ನು ಗೋಡೆಯತ್ತ ತಿರುಗಿಸಿದಳು.

"ಯಾಕೇ? ಏನಾಯ್ತು? ಬೆಳ್ಳಗಾಗಿದ್ದೀಯಲ್ಲ!"

"ಏನಿಲ್ಲ. ಚಳಿ."

ಹೀಟರ್ ಪಕ್ಕದಲ್ಲಿ ಕೂತು ಅವಳು ನಡುಗುತ್ತಿದ್ದಳು.

ಮೊಮ್ಮಗ. ಹಿರಿಯರ ಮೊಮ್ಮಗ! ಅದಕ್ಕೇ ಅವನಿಗೆ ಆ ಪ್ರಾರ್ಥನೆಯ ಸಾಲು ಬರುತ್ತಿತ್ತು. ಅದಕ್ಕೇ ಡೊಲೊರೆಸ್ ಕೇಳಿದಾಗ ಕಾರಿನತ್ತ ಓಡಿದ. ಅದಕ್ಕೇ ಓಮಾಳ ಹೆಸರು ಕಂಡಾಗ ಬಿಳಿಚಿಕೊಂಡ. ಮರುಕ ಅಲ್ಲ, ಭಯ! ತನ್ನ ಅಜ್ಜನ ಮಾನ ಹೋಗುತ್ತದೆ ಎಂಬ ಭಯ.

*ಮತ್ತೆ ನಾನು?… ನಾನೇ ತೋರಿಸಿದೆ. ನಾನೇ ಪುಸ್ತಕ ತಂದು ಅವನ ಮುಂದಿಟ್ಟೆ. ಎಲ್ಲಿದೆ ಅಂತ ಬೆರಳಿಟ್ಟು ಹೇಳಿದೆ. ಕೈ ಕೊಟ್ಟೆ…*

ಅವಳಿಗೆ ತನ್ನ ಕೈಯನ್ನೇ ನೋಡಲಾಗಲಿಲ್ಲ. ಅಂದು ಅಜ್ಜ ಹೆಸರು ತೆಗೆದುಕೊಂಡ. ಇಂದು ಮೊಮ್ಮಗ ಬಂದು ಉಳಿದಿದ್ದ ಬ್ರಾಕೆಟ್ಟನ್ನೂ ಒಯ್ದ. ಅದೂ ಎಷ್ಟು ನಯವಾಗಿ! ಬನ್ನಿನ ಉಂಡೆ ಕಿತ್ತು ತಿನ್ನುತ್ತಾ, ನಗುತ್ತಾ!

ಆ ರಾತ್ರಿಯಿಂದ ಬಿರುಗಾಳಿ ಬೀಸಿತು. ಶನಿವಾರ, ಭಾನುವಾರ ರಸ್ತೆಗಳು ಮುಚ್ಚಿದವು. ಓಮಾ ಪಕ್ಕದ ಊರಿನ ವೃದ್ಧರ ಆಶ್ರಯಮನೆಯಲ್ಲಿದ್ದಳು. ಭಾನುವಾರವೆಂದರೆ ಜಸ್ಟೀನಾ ಅಲ್ಲಿಗೆ ಹೋಗಿ ಅವಳೊಂದಿಗೆ ಫಾಸ್ಪಾ ತಿನ್ನುವುದು ವಾಡಿಕೆ. ಬನ್ನು, ಗಿಣ್ಣು, ಜಾಮು, ಕಾಫಿ. ಈ ಭಾನುವಾರ ಒಬ್ಬಳೇ ಅಡುಗೆಮನೆಯಲ್ಲಿ ಕೂತಳು. ಬನ್ನಿನ ಮೇಲಿನ ಉಂಡೆ ಕಿತ್ತು ಪಕ್ಕಕ್ಕಿಟ್ಟಳು.

ಸಂಜೆ ಕೈಮುಗಿದು ಕೂತಳು. ದೀಪ ಆರಿಸುವ ಮುನ್ನ, ಸ್ವಾಮೀ… ಮುಂದಿನದು ಬಾಯಿಗೆ ಬರಲಿಲ್ಲ. ತಾನು ನೋಯಿಸಿದವರು ನೆನಪಾಗಲಿಲ್ಲ, ತನ್ನನ್ನು ನೋಯಿಸಿದವನಿಗೆ ನಿದ್ರೆ ಕೇಳುವಷ್ಟು ಮನಸ್ಸು ಅವಳಲ್ಲಿ ಆಗ ಉಳಿದಿರಲಿಲ್ಲ. ದೇವರ ಮುಂದೆ ಸುಳ್ಳು ಹೇಳುವುದು ಬೇಡವೆಂದು ಸುಮ್ಮನೆ ಎದ್ದಳು.

*

ಸೋಮವಾರ ಅವನು ಬಂದ. ಕಣ್ಣ ಕೆಳಗೆ ಕಪ್ಪು, ಆದರೆ ಮುಖದಲ್ಲಿ ಬೆಳಕು.

"ಜಸ್ಟೀನಾ, ನಿನ್ನ ಹತ್ತಿರ ಮಾತಾಡ್ಬೇಕು…"

"ನಿಮ್ಮ ತಾಯಿ ಹೆಸರೇನು, ಮಿಸ್ಟರ್ ಪ್ಲೆಟ್?"

ಬೆಳಕು ಆರಿತು. 'ನಿಮ್ಮ' ಎಂಬ ಆ ಮಾತು ಕಪಾಳಕ್ಕೆ ಬಿದ್ದಂತೆ ಬಿದ್ದಿತ್ತು.

"ರೂತ್," ಎಂದ ಅವನು.

"ಯಾವ ಮನೆ?"

"…ರೈಮರ್."

"ನಾನು ಈ ಪುಸ್ತಕ ತೋರಿಸಿದಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಆದ್ರೂ ಬಾಯಿ ಬಿಡಲಿಲ್ಲ."

"ಇಲ್ಲ. ಅದು ತಪ್ಪು. ಅದಕ್ಕೆ ನನ್ನ ಹತ್ತಿರ ಸಬೂಬಿಲ್ಲ."

"ಬ್ರಾಕೆಟ್ ತೆಗೆದದ್ದಕ್ಕೆ ಇದೆಯಾ?"

"ಇದೆ. ಆದ್ರೆ ಅದನ್ನ ನಾನು ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ. ನಿನ್ನ ಓಮಾ ಹತ್ತಿರ ಹೋಗೋಣ ಬಾ, ಈಗಲೇ…"

"ಓಮಾ ಹೆಸರು ಎತ್ತಬೇಡಿ!" ಅವಳು ಎದ್ದು ನಿಂತಳು. "ನಿಮ್ಮ ಬಾಯಲ್ಲಿ ಅದು ಬರೋದು ಬೇಡ. ಮಾತು ಕೊಟ್ಟಿದ್ದಾರಂತೆ! ನನಗೂ ಒಂದು ಮಾತು ಕೊಟ್ಟಿದ್ರಿ. ನೆನಪಿದೆಯಾ? ಈ ಮೇಜಿನ ಹತ್ತಿರಾನೇ!"

"ನೆನಪಿದೆ. ಆ ಮಾತು ಮುರಿದಿಲ್ಲ."

"ನಾನು ಕಣ್ಣಾರೆ ನೋಡಿದ್ದೀನಿ. ಪೂಜ್ಯ ಹಿರಿಯ! ಪುಟದಲ್ಲಿ ಕಂಡದ್ದನ್ನೇ ಬರೆದ್ರಿ, ಅಲ್ವಾ? ಸುಳ್ಳಿದ್ರೆ ಸುಳ್ಳನ್ನೇ! ಎಷ್ಟು ಅನುಕೂಲದ ನಿಯಮ ನಿಮ್ಮ ಮನೆಯವರಿಗೆ!"

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೈಯಿ. ಬೈಸ್ಕೊಳ್ಳೋ ಅಷ್ಟು ತಪ್ಪು ಮಾಡಿದ್ದೀನಿ. ಆದ್ರೆ ರಸ್ತೆ ತೆರೆದಿದೆ. ಅವರನ್ನ ನೋಡಿ ಬಾ. ನನ್ನ ಜೊತೆ ಬೇಡ, ಒಬ್ಬಳೇ ಹೋಗು. ಇಷ್ಟೇ ನಾನು ಕೇಳೋದು."

ಅವನು ಹೊರಗೆ ಹೋದ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಆಗ ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ದ್ರೋಹ ಬಗೆದವನು ಹೋದದ್ದಕ್ಕೆ ಯಾರು ಅಳುತ್ತಾರೆ? ಅವಳು ಅತ್ತಳು.

*

ಓಮಾ ಕಿಟಕಿಯ ಬಳಿ ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದಳು. ಬಾಯಿಯ ಒಂದು ಮೂಲೆಯಿಂದ ಬೀಜ ಒಳಗೆ, ಇನ್ನೊಂದು ಮೂಲೆಯಿಂದ ಸಿಪ್ಪೆ ಹೊರಗೆ. ನರ್ಸುಗಳಿಗೆ ಅದೊಂದು ತಲೆನೋವು.

"ಬಂದ್ಯಾ? ಅತ್ತು ಬಂದಿದ್ದೀಯ," ಎಂದಳು. "ಕೂತ್ಕೋ. ಮೂಗು ಒರೆಸ್ಕೋ ಮೊದಲು."

"ಓಮಾ, ನಿನಗೊಂದು ವಿಷಯ ಹೇಳ್ಬೇಕು. ನಿನ್ನ ಪುಸ್ತಕ…"

"ಆ ಉದ್ದನೆ ಹುಡುಗ ಬಂದಿದ್ದ."

ಜಸ್ಟೀನಾ ಬಾಯಿ ತೆರೆದವಳು ಹಾಗೇ ನಿಂತಳು.

"ಯಾವಾಗ?"

"ಗುರುವಾರ ಒಂದು ಸಲ. ಶುಕ್ರವಾರ ಅವನ ಅಮ್ಮನ್ನೂ ಕರ್ಕೊಂಡು ಬಂದ. ಹಿಮ ಬಿದ್ದು ರಸ್ತೆ ಮುಚ್ಚಿಹೋಯ್ತು ನೋಡು, ಇಬ್ಬರೂ ಇಲ್ಲೇ ಸಿಕ್ಕಿಹಾಕ್ಕೊಂಡ್ರು. ಅವನು ಹೊರಗೆ ಸೋಫಾ ಮೇಲೆ ಮಲಗಿದ್ದ, ಕಾಲು ಇಷ್ಟುದ್ದ ಹೊರಗೆ ನೇತಾಡ್ತಿತ್ತು. ರೂತ್ ನನ್ನ ಕೋಣೇಲಿ. ಶನಿವಾರ ಪೂರ್ತಿ ಅತ್ತಳು. ಭಾನುವಾರ ನನ್ನ ಜೊತೆ ಬೀಜ ಒಡೆದಳು."

"ಯಾಕೆ… ಯಾಕತ್ತಳು?"

"ಗೊತ್ತಿತ್ತಂತೆ ಅವಳಿಗೆ. ಚಿಕ್ಕವಳಿದ್ದಾಗ ಅಪ್ಪನ ಬಾಯಿಂದಾನೇ ಕೇಳಿದ್ದಳಂತೆ. ಯಾರಿಗೂ ಹೇಳ್ಬೇಡ ಅಂದಿದ್ನಂತೆ. ಪಾಪ, ಹೊತ್ಕೊಂಡು ಬಂದಿದ್ದಾಳೆ ಇಷ್ಟು ವರ್ಷ."

ಓಮಾ ಒಂದು ಬೀಜ ಒಡೆದಳು. ನಿಧಾನವಾಗಿ ಅಗಿದಳು.

"ನಾನು ಕೇಳಿದ್ದು ಬರ್ನ್‌ಹಾರ್ಡ್‌ನ ಒಂದೇ. ಮುಂದೆ ನಿನ್ನ ಹೆಸರೇ ಇರ್ಲಿ, ಹಿಂದಿನ ಪುಟದಲ್ಲಿ ಸಣ್ಣದಾಗಿ ನನ್ನದೂ ಒಂದು ಸಾಲು ಹಾಕು ಅಂತ. ಆಗಲಿ ಅಂದ. ಪುಸ್ತಕ ಬಂತು. ಹಿಂದಿನ ಪುಟ ತಿರುವಿದೆ. ಬಿಳೀ ಹಾಳೆ. ಆ ಹಾಳೆ ನೋಡ್ತಾ ಎಷ್ಟು ಹೊತ್ತು ಕೂತಿದ್ದೆನೋ… ನೀನು ಈಗ ಹೇಗೆ ನಿಂತಿದ್ದೀಯೋ ಹಾಗೇ."

"ಆಮೇಲೆ?"

"ಆಮೇಲೆ ಪ್ರತಿ ವರ್ಷ ಕ್ರಿಸ್‌ಮಸ್ ಮುಂಚೆ ಒಂದು ಮೂಟೆ ಹಿಟ್ಟು ತಂದು ಬಾಗಿಲಲ್ಲಿ ಇಳಿಸಿ ಹೋಗ್ತಿದ್ದ. ಮಾತಿಲ್ಲ, ಕತೆಯಿಲ್ಲ. ಹಿಟ್ಟು ಕೊಟ್ಟ, ಹೆಸರು ಕೊಡಲಿಲ್ಲ." ಓಮಾ ನಕ್ಕಳು. "ಒಳ್ಳೆ ಹಿಟ್ಟು. ನಿಮ್ಮಪ್ಪ ಬೆಳೆದದ್ದೇ ಆ ಬನ್ನು ತಿಂದು."

"ಅದಕ್ಕೇ ನಾನು ಬ್ರಾಕೆಟ್ ಹಾಕಿದ್ದು ಓಮಾ! ಅದನ್ನ ಅವನು ತೆಗೆದ!"

"ನಾನೇ ತೆಗಿ ಅಂದೆ."

"ನೀನಾ?…"

"ಅದರಲ್ಲಿದ್ದದ್ದು ನನ್ನ ಹೆಸರಲ್ಲ ಮಗಳೇ."

ಓಮಾ ಮಡಿಲಿನ ಸಿಪ್ಪೆಗಳನ್ನು ಬಟ್ಟಲಿಗೆ ಸುರಿದಳು.

"ಅಗನೇತಾ ಹಾರ್ಡರ್ ಅಂತ ಹಾಕಿದ್ಯಂತೆ. ಆ ಪ್ರಾರ್ಥನೆ ಬರೆಯುವಾಗ ನಾನು ನಿಮ್ಮ ತಾತನ್ನ ಕಂಡೇ ಇರಲಿಲ್ಲ. ಅಪ್ಪನ ಮನೆ ಕೊಟ್ಟಿಗೇಲಿ ಹಾಲು ಕರೀತಾ ಕಟ್ಟಿದ್ದು ಅವು. ಅಗನೇತಾ ವೀಬೆ ಕಟ್ಟಿದ್ದು. ಮದುವೆ ಆದ ಮೇಲೆ ಒಂದು ಸಾಲೂ ಬರೀಲಿಲ್ಲ. ಹಾರ್ಡರ್ ಹೆಸರಲ್ಲಿ ನಾನು ಮಕ್ಕಳು ಹೆತ್ತೆ, ಬನ್ನು ಬೇಯಿಸಿದೆ. ಅದೂ ಒಳ್ಳೇದೇ. ಆದ್ರೆ ಪ್ರಾರ್ಥನೆ ಆ ಹುಡುಗಿದು. ಒಬ್ಬರು ತಗೊಂಡ್ರು, ಇನ್ನೊಬ್ಬರು ಪ್ರೀತಿಯಿಂದ ಬೇರೆ ಹೆಸರು ಅಂಟಿಸಿದ್ರು. ಆ ಹುಡುಗೀನ ಯಾರೂ ಕೇಳಲಿಲ್ಲ."

ಜಸ್ಟೀನಾ ನೆಲದ ಮೇಲೆ ಕೂತುಬಿಟ್ಟಳು. ವರ್ಷಗಟ್ಟಲೆ ಪ್ರತಿ ಭಾನುವಾರ ಈ ಕೋಣೆಗೆ ಬಂದಿದ್ದಳು. ಕಾಫಿ ಕುಡಿದಿದ್ದಳು. ಒಮ್ಮೆಯೂ… ಒಮ್ಮೆಯೂ ಕೇಳಿರಲಿಲ್ಲ!

"ಅವನು ಕೇಳಿದ," ಎಂದಳು ಓಮಾ. "ಬಂದು ಟೋಪಿ ತೆಗೆದು ನಿಂತ. 'ದೊಡ್ಡಮ್ಮಾ, ನಾನು ಬರ್ನ್‌ಹಾರ್ಡ್ ರೈಮರ್ ಮೊಮ್ಮಗ, ನನ್ನನ್ನ ಹೊರಗೆ ಹಾಕಿದ್ರೂ ಸರಿ, ಆದ್ರೆ ಲೇಖಕರು ಬದುಕಿದ್ರೆ ಅವರನ್ನೇ ಕೇಳ್ಬೇಕು ಅಂತ ನಮ್ಮ ಕೆಲಸದಲ್ಲಿ ಪದ್ಧತಿ. ನಿಮ್ಮ ಹೆಸರು ಹೇಗೆ ಬರೀಲಿ?' ಅಂದ. *ಲೇಖಕರು* ಅಂದ ಕಣೇ ನನ್ನನ್ನ!"

ಮುದುಕಿಯ ಗಲ್ಲ ನಡುಗಿತು.

"ಆ ತಪ್ಪು ಹೆಸರು ದೇಶಕ್ಕೆಲ್ಲ ಹೋಗೋ ಮುಂಚೆ ತೆಗಿ ಅಂದೆ. ನಿಮ್ಮಮ್ಮನ್ನ ಕರ್ಕೊಂಡು ಬಾ, ಸಾಕ್ಷಿ ಹೇಳಲಿ ಅಂದೆ. ಜಸ್ಟೀನಾಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ ಅಂದೆ. ಭಾನುವಾರ ನೀನು ಬರ್ತೀಯಲ್ಲ ಅಂದ್ಕೊಂಡೆ. ಬಿರುಗಾಳಿ ಬರುತ್ತೆ ಅಂತ ನನಗೇನು ಗೊತ್ತು? ಫೋನಲ್ಲಿ ಹೇಳೋ ಮಾತಾ ಇದು?"

"ನಾನವನಿಗೆ ಏನೇನೋ ಅಂದುಬಿಟ್ಟೆ, ಓಮಾ…"

"ಅನ್ನಬೇಕಾದ್ದೇ. ಅಜ್ಜ ಯಾರು ಅಂತ ಮೊದಲ ದಿನಾನೇ ಹೇಳ್ಬೇಕಿತ್ತು ಅವನು. ಅದನ್ನ ನಾನೂ ಅಂದೆ." ಓಮಾ ಇನ್ನೊಂದು ಹಿಡಿ ಬೀಜ ತೆಗೆದುಕೊಂಡಳು. "ಆದ್ರೆ ಅಂದಿದ್ದು ಸಾಕು. ಹೋಗು. ಕಾರ್ ತಣ್ಣಗಾದೀತು."

*

ಮಂಗಳವಾರ ಬೆಳಗ್ಗೆ ಅವನು ಪುಸ್ತಕದ ಕಪಾಟುಗಳ ನಡುವೆ ನಿಂತಿದ್ದ. ಕೈಯಲ್ಲಿ ಆ ಅಂಗೈಯಗಲದ ಪುಸ್ತಕ. ಅವಳನ್ನು ಕಂಡು ಹೆಜ್ಜೆ ಮುಂದಿಡಲಿಲ್ಲ.

"ಹೋಗಿ ಬಂದೆ," ಎಂದಳು ಅವಳು.

"ಹೂಂ."

"ನಾನೂ ತಪ್ಪು ಹೆಸರು ಬರೆದಿದ್ದೆ."

"ಪ್ರೀತಿಯಿಂದ ಬರೆದಿದ್ದೆ."

"ಅದಕ್ಕೇ ಇನ್ನೂ ನೋಯುತ್ತೆ." ಅವಳು ಹತ್ತಿರ ಬಂದಳು. "ಆದ್ರೆ ಕಾನ್ರಾಡ್, ನಿಂದೂ ಒಂದಿದೆ. ನನ್ನ ಕೈ ಹಿಡಿದಾಗ, ಆಗಲೇ, 'ನಾನು ಅವರ ಮೊಮ್ಮಗ' ಅಂತ ಯಾಕೆ ಹೇಳಲಿಲ್ಲ?"

*ನೀನು* ತಾನಾಗಿ ಮರಳಿ ಬಂದಿತ್ತು. ಇಬ್ಬರಿಗೂ ಅದು ಕೇಳಿಸಿತು.

"ಹೆದರಿಕೆ," ಎಂದ ಅವನು. "ಮೊದಲ ದಿನ ಮುಚ್ಚಿಟ್ಟದ್ದು, ಹಿರಿಯರ ಮೊಮ್ಮಗ ಅಂತ ಊರೆಲ್ಲ ಉಪಚರಿಸೋದು ಬೇಡ ಅಂತ. ಆದ್ರೆ ಆ ಪ್ರಾರ್ಥನೆಗಳನ್ನ ಅಜ್ಜನ ತೊಡೆ ಮೇಲೆ ಕೂತು ಕಲಿತವನು ನಾನು. ನಿನ್ನ ಬಾಯಿಂದ ಸತ್ಯ ಕೇಳಿದಾಗ ಕಾಲಡಿ ನೆಲ ಹೋಯ್ತು. ಒಂದು ಕಡೆ ಅಜ್ಜ ಹೋದ್ರು. ಹೇಳಿದ್ರೆ ನೀನೂ ಹೋಗ್ತೀಯ ಅನ್ನಿಸ್ತು. ಎಲ್ಲ ಸರಿ ಮಾಡಿ ಆಮೇಲೆ ಹೇಳೋಣ ಅಂದ್ಕೊಂಡೆ… ಅಷ್ಟರಲ್ಲಿ ನಿನಗೆ ಬೇರೆಯವರಿಂದ ಗೊತ್ತಾಯ್ತು. ಅಜ್ಜ ಮಾಡಿದ್ದನ್ನೇ ಮಾಡಿದೆ ನಾನು. ಹೇಳಬೇಕಾದ ಕಡೆ ಬಿಳೀ ಹಾಳೆ ಬಿಟ್ಟೆ."

ಅವಳು ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಕೊನೆಯ ಬಿಳಿ ಹಾಳೆ ತೆರೆದಳು.

"ಇನ್ನೊಂದ್ಸಲ ಬಿಡ್ಬೇಡ," ಎಂದಳು.

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಮೊದಲ ಪುಟದ ಸಾಲು ಹಾಗೇ ಇತ್ತು. ಅದು ಪುಟದ ಮಾತು, ಅದನ್ನು ಮುಟ್ಟುವಂತಿಲ್ಲ. ಆದರೆ ಹೊಸ ನಿಯಮದಲ್ಲಿ ಅದರ ಕೆಳಗೆ, ಪುಸ್ತಕ ನಿಜವಾಗಿ ಯಾರದ್ದೆಂದು ಹೇಳುವ ಸಾಲಿದೆ. ಅದಕ್ಕೆ ಬ್ರಾಕೆಟ್ ಬೇಡ, ಪಿಸುಮಾತು ಬೇಡ. ಹೆಸರಿನ ಪಕ್ಕದಲ್ಲಿ, ಈ ಪುಸ್ತಕಕ್ಕೆ ಆ ಮನುಷ್ಯ ಏನಾಗಬೇಕು ಎಂಬುದನ್ನೂ ಬರೆಯಬೇಕು.

ಕಾನ್ರಾಡ್ ಅಗನೇತಾ ವೀಬೆ ಎಂಬ ಹೆಸರಿಗೆ ಹೊಸ ದಾಖಲೆ ಸಿದ್ಧಮಾಡಿದ್ದ. ಲೇಖಕಿಯ ಮಾತು, ರೂತ್‌ಳ ಮಾತು, ಎರಡೂ ಆಧಾರವಾಗಿ ನಮೂದಾಗಿದ್ದವು. ಪುಸ್ತಕದ ದಾಖಲೆಯಲ್ಲಿ ಮಾತ್ರ ಆ ಸಾಲನ್ನು ಖಾಲಿ ಬಿಟ್ಟಿದ್ದ.

"ನೀನು ಬರಿ," ಎಂದ.

ಅವಳು ಬರೆದಳು. *ಅಗನೇತಾ ವೀಬೆ, ಲೇಖಕಿ.*

ಅಕ್ಷರಗಳು ಮಸುಕಾದವು. ಕಣ್ಣು ಒರೆಸಿಕೊಂಡಳು.

"ನಿನ್ನ ಅಜ್ಜನ್ನ ಏನಂತ ಬರೀಲಿ?"

"ನೀನು ಹೇಗೆ ಬರೆದ್ರೂ ಒಪ್ಪಿಗೆ."

"ನಿನ್ನೆ ನಾನು ಬಾಗಿಲು ದಾಟುವಾಗ ಓಮಾ ಕೂಗಿ ಹೇಳಿದಳು. 'ಅಚ್ಚು ಹಾಕಿಸಿದ್ದು ಅವನೇ ಕಣೇ, ಅದನ್ನೂ ಬರೀರಿ. ಅವನಿಲ್ಲದಿದ್ರೆ ಕೊಟ್ಟಿಗೇಲೇ ಉಳೀತಿತ್ತು' ಅಂತ."

ಕಾನ್ರಾಡ್ ಮುಖ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಹಾಗೇ ಇಟ್ಟುಕೊಂಡೇ ಇನ್ನೊಂದು ಕೈಯಿಂದ ಬರೆದಳು. ಬರ್ನ್‌ಹಾರ್ಡ್ ರೈಮರ್, ಅಚ್ಚು ಹಾಕಿಸಿದವರು.

ದಾಖಲೆ ಉಳಿಸಿ ಕಳಿಸಿದರು. ಒಂದು ಕ್ಷಣದಲ್ಲಿ ಅದು ದೇಶದ ಗ್ರಂಥಾಲಯಗಳಿಗೆಲ್ಲ ಹೊರಟುಹೋಯಿತು. ಎಲ್ಲೋ ಯಾರೋ ಇನ್ನು ಮುಂದೆ ಆ ಹುಡುಗಿಯ ಹೆಸರು ಹಿಡಿದು ಹುಡುಕಿದರೆ, ಅವಳು ಸಿಗುತ್ತಾಳೆ.

ಹೊರಗೆ ಬಿಸಿಲು ಬಿದ್ದು ಹಿಮವೆಲ್ಲ ಕಣ್ಣು ಕೋರೈಸುತ್ತಿತ್ತು.

"ನನ್ನ ಕೆಲಸ ಮುಗೀತು ಇಲ್ಲಿ," ಎಂದ ಕಾನ್ರಾಡ್. "ನಾಳೆ ವಿನ್ನಿಪೆಗ್‌ಗೆ ವಾಪಸ್ಸು."

"ಭಾನುವಾರ ಫಾಸ್ಪಾಗೆ ಬಾ," ಎಂದಳು ಜಸ್ಟೀನಾ, ಕೀಲಿಮಣೆಯ ಮೇಲೆ ಕಣ್ಣಿಟ್ಟು. "ಓಮಾ ಕರೆದಿದ್ದಾಳೆ."

"ಓಮಾ ಕರೆದಿದ್ದಾರಾ?"

"ಹೂಂ. ನಿನ್ನಮ್ಮನ್ನೂ ಕರ್ಕೊಂಡು ಬರ್ಬೇಕಂತೆ."

"ಜಸ್ಟೀನಾ…"

"ಏನು?"

"ನಿಜವಾಗಿ ಕರೀತಿರೋರು ಯಾರು?"

ಅವಳು ತಲೆಯೆತ್ತಿದಳು. ಕೆನ್ನೆ ಕೆಂಪಾಗಿತ್ತು. ಈ ಸಲ ಚಳಿಯ ಮೇಲೆ ಹಾಕಲಿಲ್ಲ.

"ನಾನು," ಎಂದಳು. "ನಾನೇ ಕರೀತಿದ್ದೀನಿ."